ಬಚ್ಚಲಿನ ಸುಖ, ಅಂಗಡಿಯ ಲೆಕ್ಕ

ಇತ್ತೀಚೆಗೆ ಕಟಕೋಳ ಭಾಗದ ವರ್ತಕರೊಬ್ಬರು ವರ್ಷಾಂತ್ಯದ ಲೆಕ್ಕಪತ್ರಗಳೊಂದಿಗೆ ನಮ್ಮ ಕಚೇರಿಗೆ ಬಂದಿದ್ದರು. ಅವುಗಳ ನಡುವೆ, ಪಂಪಿನಿಂದ ನೀರು ಚಿಮ್ಮುವ ಸ್ನಾನದ ತೊಟ್ಟಿಯೊಂದರ ಬಿಲ್ಲು ಇತ್ತು. ತಾಯಿಯವರ ಮೊಣಕಾಲು ನೋವಿಗೆಂದು ತರಿಸಿದ್ದರಂತೆ. ತೊಟ್ಟಿ ಕುಳಿತದ್ದು ಹೊಸ ಮನೆಯಲ್ಲಿ; ಬಿಲ್ಲು ಮಾತ್ರ ಅಂಗಡಿಯ ಹೆಸರಿನಲ್ಲಿ. “ಜಿಎಸ್‌ಟಿ ಆದ್ರೂ ಹೊಳ್ಳಿ ಬರ್ತೈತಲ್ರೀ ಸಾಹೇಬ್ರ” ಎಂಬುದು ಅವರ ಸಮಾಧಾನ.

ತೊಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ಅದರ ಹುಟ್ಟೇ ಇಂತಹ ಮಮತೆಯಲ್ಲಿದೆ. ಅಮೆರಿಕೆಯಲ್ಲಿ ಕೃಷಿ ಪಂಪು ತಯಾರಿಸುತ್ತಿದ್ದ ಜಕೂಝಿ ಸಹೋದರರಲ್ಲಿ ಒಬ್ಬರಾದ ಕ್ಯಾಂಡಿಡೊ, ಸಂಧಿವಾತದಿಂದ ನರಳುತ್ತಿದ್ದ ಮಗನಿಗಾಗಿ 1940ರ ದಶಕದ ಕೊನೆಯಲ್ಲಿ ತೊಟ್ಟಿಯೊಳಗೆ ಇಡುವ ಪಂಪೊಂದನ್ನು ರೂಪಿಸಿದರು. ಪಂಪು ಮತ್ತು ತೊಟ್ಟಿ ಒಂದಾದದ್ದು 1968ರಲ್ಲಿ. ನಮ್ಮ ಸಣ್ಣ ಉತ್ಪಾದಕರು ಗಮನಿಸಬೇಕಾದ ಇತಿಹಾಸವಿದು.

ತಕರಾರಿರುವುದು ಲೆಕ್ಕದ ಬಗ್ಗೆ. ಸ್ವಂತ ಉಪಭೋಗಕ್ಕೆ ಬಳಸಿದ ಸರಕಿಗೆ ಹೂಡುವಳಿ ತೆರಿಗೆಯ ಜಮೆ ಇಲ್ಲವೆಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಂ ಸ್ಪಷ್ಟವಾಗಿ ಹೇಳುತ್ತದೆ. ತಪ್ಪಾಗಿ ಪಡೆದು ಬಳಸಿಕೊಂಡರೆ ಮೂಲ ತೆರಿಗೆಯ ಜೊತೆಗೆ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕು. ದಂಡದ ಸಾಧ್ಯತೆ ಬೇರೆ. ಆದಾಯ ತೆರಿಗೆಯಲ್ಲಿಯೂ ವೈಯಕ್ತಿಕ ಖರ್ಚು ವ್ಯಾಪಾರದ ಖರ್ಚಾಗದು. ಪಾಲುದಾರಿಕೆ ಸಂಸ್ಥೆಯಾದರಂತೂ ಉಳಿದ ಪಾಲುದಾರರ ಹಣದಲ್ಲಿ ಸ್ನಾನ ಮಾಡಿದಂತೆ.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಆ ವರ್ತಕರು ಹಣ ಕೊಟ್ಟದ್ದು ಬ್ಯಾಂಕಿನ ಓವರ್‌ಡ್ರಾಫ್ಟ್ ಖಾತೆಯಿಂದ. ಸುಗ್ಗಿಯಲ್ಲಿ ಗೋವಿನಜೋಳ, ಹತ್ತಿ ಖರೀದಿಗೆ ತಿರುಗಬೇಕಾದ ದುಡಿಯುವ ಬಂಡವಾಳ ಬಚ್ಚಲಿನಲ್ಲಿ ಕುಳಿತುಬಿಟ್ಟಿತು. ಮಾರಲಾಗದ, ತಿರುಗದ ಆ ಸ್ವತ್ತಿಗೆ ಬ್ಯಾಂಕಿನ ಬಡ್ಡಿ ಮಾತ್ರ ಪ್ರತಿ ತಿಂಗಳೂ ಏರುತ್ತದೆ. ಆ ಬಡ್ಡಿಯನ್ನೂ ವ್ಯಾಪಾರದ ಖರ್ಚೆಂದು ತೋರಿಸುವಂತಿಲ್ಲ.

ಕೊಂಡ ಬೆಲೆಯಷ್ಟೇ ಖರ್ಚಲ್ಲ ಎಂಬುದನ್ನೂ ನೆನಪಿಡಬೇಕು. ಒಂದು ಸಲ ತುಂಬಲು 275 ಲೀಟರ್ ನೀರು ಬೇಕೆಂದು ಹಿಡಿಯಿರಿ. ಜಲಜೀವನ ಮಿಷನ್ ಗ್ರಾಮೀಣರಿಗೆ ನಿಗದಿಪಡಿಸಿರುವ ದಿನಕ್ಕೆ 55 ಲೀಟರಿನ ಪ್ರಮಾಣದಲ್ಲಿ ಅದು ಐದು ಜನರ ಪಾಲು. 2023ರಲ್ಲಿ ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ್ದನ್ನು ನಾವು ಮರೆಯುವಂತಿಲ್ಲ. ಕೊಳವೆಬಾವಿಯ ಗಡಸು ನೀರಾದರೆ ನೀರು ಚಿಮ್ಮುವ ರಂಧ್ರಗಳಲ್ಲಿ ಸುಣ್ಣ ಕಟ್ಟುತ್ತದೆ. ತುಂಬಿದ ತೊಟ್ಟಿ, ಒಳಗಿನ ಮನುಷ್ಯ ಸೇರಿ ಮೂರು ನಾಲ್ಕು ಕ್ವಿಂಟಲ್ ಭಾರವಾಗುವುದರಿಂದ ಮಹಡಿಯ ಮೇಲೆ ಕೂರಿಸುವ ಮುನ್ನ ಎಂಜಿನಿಯರರನ್ನು ಕೇಳಬೇಕು. ಅರ್ಥಿಂಗ್ ಮತ್ತು ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು ಇಲ್ಲದೆ ನೀರಿಗಿಳಿಯುವುದು ಪ್ರಾಣಕ್ಕೇ ಅಪಾಯ. ಇನ್ನು ಎತ್ತರದ ಅಂಚು ದಾಟಿ ಇಳಿಯುವುದು ಮೊಣಕಾಲು ನೋವಿನ ಹಿರಿಯರಿಗೆ ಸಾಧ್ಯವೇ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು.

ಹಾಗಾದರೆ ಮಾಡಬೇಕಾದುದೇನು? ಲಾಭದಲ್ಲಿ ತೆರಿಗೆ ಕಟ್ಟಿ ಉಳಿದ ಹಣವನ್ನು ಡ್ರಾಯಿಂಗ್ಸ್ ಖಾತೆಯ ಮೂಲಕ ತೆಗೆದು, ಬಿಲ್ಲನ್ನು ಮನೆಯ ಒಡೆಯರ ಹೆಸರಿನಲ್ಲಿ ಪಡೆಯಬೇಕು. ಅದನ್ನು ಜೋಪಾನವಾಗಿಟ್ಟರೆ ಲಾಭವೂ ಉಂಟು: ಮುಂದೆ ಮನೆ ಮಾರುವಾಗ, ಕಟ್ಟಡಕ್ಕೆ ಶಾಶ್ವತವಾಗಿ ಸೇರಿದ ಬಂಡವಾಳ ಸ್ವರೂಪದ ಖರ್ಚನ್ನು ಸುಧಾರಣಾ ವೆಚ್ಚವೆಂದು ಬಂಡವಾಳ ಲಾಭದಲ್ಲಿ ಕಳೆಯಲು ಅವಕಾಶವಿದೆ.

ಆ ವರ್ತಕರು ಪಡೆದ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಿ, ಖರ್ಚನ್ನು ಸ್ವಂತ ಖಾತೆಗೆ ವರ್ಗಾಯಿಸಿದರು. ದುಡಿದವರು ಸುಖಪಡುವುದು ತಪ್ಪಲ್ಲ. ಆದರೆ ಮನೆಯ ಸುಖಕ್ಕೆ ಮನೆಯ ಗಂಟಿನಿಂದಲೇ ಹಣ ಬರಲಿ, ಅಂಗಡಿಯ ಗಲ್ಲೆಯಿಂದಲ್ಲ ಎಂದು ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ.