ಹೆಳವರ ಹೊತ್ತಗೆಯಲ್ಲಿಲ್ಲದ ಹೆಸರುಗಳು



ಸುಗ್ಗಿ ಮುಗಿದು ದವಸ ಮನೆ ಸೇರಿದ ಮೇಲೆ ನಮ್ಮ ಕಡೆಯ ಹಳ್ಳಿಗಳಿಗೆ ಹೆಳವರು ಬರುವುದು ಬಹುಕಾಲದ ಪದ್ಧತಿ. ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು ಬರುವ ಇವರು ಪ್ರತಿ ಮನೆಯ ಮುಂದೆಯೂ ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನ ಕ್ರಮದಲ್ಲಿ ಓದಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು, ಕೊಟ್ಟ ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ನೆರೆಯ ಬಳ್ಳಾರಿ ಸೀಮೆಯಲ್ಲಿ ಊರುಗಳ ಚರಿತ್ರೆಯನ್ನು ಕಾಪಾಡುವವರು ಇವರೇ ಎಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಹರಿದ್ವಾರದಲ್ಲಿ ಪಂಡಾಗಳು ಯಾತ್ರಿಕರ ವಂಶಾವಳಿಯನ್ನು ವಹಿಗಳಲ್ಲಿ ಬರೆದಿಡುತ್ತಾರೆ. ಅಲ್ಲಿ ನಾವು ವಹಿಯನ್ನು ಹುಡುಕಿಕೊಂಡು ಹೋಗಬೇಕು. ಇಲ್ಲಿಯಾದರೋ ಹೊತ್ತಗೆಯೇ ನಮ್ಮ ಬಾಗಿಲಿಗೆ ಬರುತ್ತಿತ್ತು.

ಜೋಗಿಮಟ್ಟಿಯ ತಪ್ಪಲಿನ ನಮ್ಮ ಮನೆಯ ಜಗುಲಿಯಲ್ಲಿ ಬಾಲ್ಯದಲ್ಲಿ ಆ ಓದನ್ನು ಬೆರಗಿನಿಂದ ಕೇಳಿದವನು ನಾನು. ಏಳು ತಲೆಮಾರಿನ ಹೆಸರುಗಳನ್ನು ಅವರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಪ್ರಾಯಕ್ಕೆ ಬಂದ ಮೇಲೆ ಒಮ್ಮೆ ನಮ್ಮ ಮನೆಯ ಪುಟವನ್ನು ಕೈಗೆ ತೆಗೆದುಕೊಂಡು ನೋಡಿದೆ. ತಂದೆಯವರ ಹೆಸರಿತ್ತು, ಚಿಕ್ಕಪ್ಪಂದಿರ ಹೆಸರಿತ್ತು. ಹೊಸದುರ್ಗದ ಕಡೆಗೆ ಒಬ್ಬರು, ಹಿರಿಯೂರಿನ ಕಡೆಗೆ ಒಬ್ಬರು ಹೀಗೆ ಮದುವೆಯಾಗಿ ಹೋದ ಇಬ್ಬರು ಸೋದರತ್ತೆಯರ ಹೆಸರು ಇರಲಿಲ್ಲ. ಹೆಳವರನ್ನು ಕೇಳಿದರೆ, "ಮನೆಯವರು ಹೇಳಿದ್ದನ್ನು ಬರೆದಿದ್ದೇವೆ, ಸ್ವಾಮಿ" ಎಂದರು. ಅವರ ಮಾತು ನಿಜವಾಗಿತ್ತು.

ತಾತನವರು ಲಿಂಗೈಕ್ಯರಾದಾಗ ಪೌತಿ ಖಾತೆಗಾಗಿ ನಮ್ಮ ಮನೆಯವರು ಬರೆಸಿಕೊಟ್ಟ ವಂಶವೃಕ್ಷದಲ್ಲಿಯೂ ಇದೇ ಲೋಪ ನಡೆದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಂದೆಯ ಪಾಲಿನಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟಿದ್ದರೂ ಅತ್ತೆಯರಿಬ್ಬರ ಹೆಸರನ್ನು ಬಿಟ್ಟು ಬರೆಸಲಾಗಿತ್ತು. ಯಾರೂ ಪ್ರಶ್ನಿಸಲಿಲ್ಲ, ಅತ್ತೆಯರೂ ತುಟಿ ಬಿಚ್ಚಲಿಲ್ಲ. ಬಹಳ ವರ್ಷಗಳ ಮೇಲೆ ಹಿರಿಯ ಅತ್ತೆ ಹಾಸಿಗೆ ಹಿಡಿದಿದ್ದಾಗ ನೋಡಲು ಹೋದೆ. ಅದೂ ಇದೂ ಮಾತನಾಡಿದ ಮೇಲೆ, "ಆಸ್ತಿ ಬ್ಯಾಡ ಕಣಪ್ಪ, ಹೆಸರಾದ್ರೂ ಬರೀಬಹುದಿತ್ತಲ್ಲ. ನಾನು ಆ ಮನೇಲಿ ಹುಟ್ಟಲೇ ಇಲ್ಲವಾ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದವನೇ ನೋಟುಪುಸ್ತಕವೊಂದರ ಮೊದಲ ಪುಟದಲ್ಲಿ ಇಬ್ಬರು ಅತ್ತೆಯರ ಹೆಸರನ್ನು ಬರೆದೆ. ನಮ್ಮ ಮನೆತನದ ಇತಿಹಾಸವನ್ನು ಹುಡುಕುವ ಕೆಲಸ ಅಂದು ಆರಂಭವಾಯಿತು.

ಹುಟ್ಟಿನ ಹಿರಿಮೆಯನ್ನು ಅಲ್ಲಗಳೆದ ಶರಣಧರ್ಮದವರಿಗೆ ವಂಶಾವಳಿಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹಕ್ಕಾಗಿ ಕಲ್ಯಾಣದಲ್ಲಿ ಶರಣರು ಪ್ರಾಣವನ್ನೇ ತೆತ್ತರು. ಕುಲದ ಬಿಂಕಕ್ಕಾಗಿ ಮನೆತನದ ಕಥೆಯನ್ನು ಬರೆಯುವುದಾದರೆ ಬರೆಯದಿರುವುದೇ ಲೇಸು. ಆದರೆ ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ ಮೊದಲಾದ ಶರಣರು ತಮ್ಮ ಕಾಯಕವನ್ನು ಹೆಸರಿನೊಡನೆಯೇ ಉಳಿಸಿಕೊಂಡವರು. ಚೆನ್ನಬಸವಣ್ಣನವರನ್ನು ನಾವು ಸ್ಮರಿಸುವುದು ಅಕ್ಕನಾಗಮ್ಮನವರ ಮಗನೆಂದು; ಅವರ ತಂದೆಯ ಹೆಸರು ನಮ್ಮಲ್ಲಿ ಎಷ್ಟು ಜನರ ನಾಲಗೆಯ ಮೇಲಿದೆ? ತಾಯಿಯ ಹೆಸರಿನಿಂದ ಮಗನನ್ನು ಗುರುತಿಸಿದ ಪರಂಪರೆಯವರಾದ ನಾವು ನಮ್ಮ ಮನೆಯ ಪುಟದಲ್ಲಿ ಹೆಣ್ಣುಮಕ್ಕಳನ್ನು ಮರೆಯಬಹುದೇ?

ಇಂದು ಜೋಗಿಮಟ್ಟಿಯು ವನ್ಯಜೀವಿಧಾಮವಾಗಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ತಾಲ್ಲೂಕುಗಳು ಆ ಕಾಡನ್ನು ಸುತ್ತುವರಿದಿವೆ. ನಮ್ಮ ಗಂಡುಮಕ್ಕಳು ಹೊಲಮನೆ ಇದ್ದ ಊರಿನಲ್ಲಿಯೇ ಉಳಿದರು. ಗುಡ್ಡವನ್ನು ಬಳಸಿ ಆಚೆಯ ಊರುಗಳನ್ನು ನೆಂಟಸ್ತಿಕೆಯಿಂದ ಬೆಸೆದವರು ಹೆಣ್ಣುಮಕ್ಕಳು. ಅವರ ಹೆಸರನ್ನು ಬಿಟ್ಟರೆ ನಾಲ್ಕು ತಾಲ್ಲೂಕಿನ ಬಂಧುತ್ವವೇ ಅಳಿಸಿಹೋಗುತ್ತದೆ.

ಕಾನೂನು ಈಗ ಸ್ಪಷ್ಟವಾಗಿದೆ. ಕರ್ನಾಟಕದ ತಿದ್ದುಪಡಿಯು 1994ರಲ್ಲಿ ಜಾರಿಗೆ ಬಂದಾಗ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯು ಆ ಭೇದವನ್ನು ತೆಗೆದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಿಗೆ ಸಮನಾದ ಹಕ್ಕು ನೀಡಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. ಆದರೆ ವಂಶವೃಕ್ಷದ ವಿವರವನ್ನು ಮೊದಲು ಹೇಳುವವರು ಮನೆಯವರೇ. ಅಲ್ಲಿ ಸತ್ಯ ನುಡಿಯುವುದು ನಮ್ಮ ಹೊಣೆ.

ಈ ಕೆಲಸವನ್ನು ಕೈಗೊಳ್ಳುವವರಿಗೆ ನನ್ನ ಅನುಭವದ ನಾಲ್ಕು ಮಾತು. ಮೊದಲು ಮನೆಯ ಅಜ್ಜಿಯರ ಬಳಿ ಕುಳಿತುಕೊಳ್ಳಿ. ಕಾಗದಪತ್ರಗಳು ಕಾಯುತ್ತವೆ, ಅಜ್ಜಿಯರ ನೆನಪು ಕಾಯುವುದಿಲ್ಲ. ಪ್ರತಿಯೊಬ್ಬ ಸೊಸೆಯ ತವರೂರು, ತಾಯಿತಂದೆಯರ ಹೆಸರು ಕೇಳಿ ಬರೆಯಿರಿ. ಎಳವೆಯಲ್ಲಿ ತೀರಿಕೊಂಡ ಮಕ್ಕಳನ್ನೂ ಬಿಡಬೇಡಿ. ಇಸವಿ ತಿಳಿಯದಿದ್ದರೆ ಊರಿಗೆ ನೆನಪಿರುವ ಸಂಗತಿಗಳನ್ನು ಆಧರಿಸಿ: 1898ರಿಂದ 1907ರವರೆಗೆ ಮಾರಿಕಣಿವೆಯ ಕಟ್ಟೆ ಕಟ್ಟಿದ ಕಾಲ, 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂದ ಮೇಲೆ ಊರು ಬಿಟ್ಟು ಗುಡಿಸಲು ಹಾಕಿದ ವರ್ಷಗಳು, 1918ರ ಇನ್‌ಫ್ಲುಯೆಂಜಾ ಜ್ವರದ ಕಾಲ. "ಕಟ್ಟೆ ಕಟ್ಟುವಾಗ ನಮ್ಮವ್ವ ಕೈಗೂಸು" ಎಂಬ ಒಂದು ಮಾತಿನಿಂದ ಒಂದು ತಲೆಮಾರಿನ ಕಾಲ ಗೊತ್ತಾಗುತ್ತದೆ. ಆಮೇಲೆ ಹಳೆಯ ಕ್ರಯಪತ್ರ, ಪಾಲುಪಟ್ಟಿ, ಪಹಣಿ, ಶಾಲೆಯ ದಾಖಲಾತಿ ಪುಸ್ತಕಗಳನ್ನು ನೋಡಿ ಹೇಳಿಕೆಗಳನ್ನು ತಾಳೆ ಹಾಕಿ. ಹೇಳಿದವರ ಹೆಸರನ್ನೂ ಕೇಳಿದ ದಿನವನ್ನೂ ಪಕ್ಕದಲ್ಲಿಯೇ ಗುರುತು ಮಾಡಿ. ಸಾಲ, ವ್ಯಾಜ್ಯ, ಬಡತನದ ಸಂಗತಿ ಸಿಕ್ಕಿದರೆ ಮುಚ್ಚಿಡಬೇಡಿ. ಹಿರಿಯರು ಪಟ್ಟ ಪಾಡೂ ಮಕ್ಕಳಿಗೆ ಸಲ್ಲಬೇಕಾದ ಆಸ್ತಿಯೇ.

ನನ್ನ ಪುಸ್ತಕವನ್ನು ಅತ್ತೆಯವರಿಗೆ ತೋರಿಸುವ ಭಾಗ್ಯ ನನಗೆ ದೊರೆಯಲಿಲ್ಲ. ಅವರ ಮೊಮ್ಮಗಳಿಗೆ ತೋರಿಸಿದೆ. ಆಕೆ ಅಜ್ಜಿಯ ಹೆಸರಿನ ಮೇಲೆ ಬೆರಳಿಟ್ಟು, ಅದರ ಕೆಳಗೆ ತನ್ನ ತಾಯಿಯ ಹೆಸರನ್ನೂ ತನ್ನ ಹೆಸರನ್ನೂ ತಾನೇ ಬರೆದಳು. ಈ ಸಲ ಹೆಳವರು ಬಂದರೆ ದವಸದೊಡನೆ ಈ ಮೂರು ಹೆಸರುಗಳನ್ನೂ ಕೊಡಬೇಕೆಂದಿದ್ದೇನೆ. ತಾವೂ ತಮ್ಮ ಮನೆಯ ಹೆಣ್ಣುಮಕ್ಕಳ ಹೆಸರುಗಳನ್ನು ಸಿದ್ಧವಾಗಿಟ್ಟುಕೊಳ್ಳಿ ಎಂಬುದು ನನ್ನ ಬಿನ್ನಹ.