ಕೊಕ್ಕರೆಗೆ ಹೇಳಿದ ಊರಿನ ಹೆಸರು

ಭಾನುವಾರ ಮುಂಡಗೋಡದ ಲಾಮಾ ಕ್ಯಾಂಪ್ ನಂಬರ್ 2ಕ್ಕೆ ಕಾರು ತುಂಬ ಬರುವ ಹುಬ್ಬಳ್ಳಿ ಮಂದಿ ಡ್ರೆಪುಂಗ್ ಮಠದೆದುರು ಫೋಟೊ ತೆಗೆಸಿಕೊಂಡು, ಮೋಮೊ ತಿಂದು ಊರಿಗೆ ಮರಳುತ್ತಾರೆ. ಈ ಮಠದ ಇತಿಹಾಸದಲ್ಲಿ ಪ್ರೇಮಗೀತೆಗಳನ್ನು ಕಟ್ಟಿದ ಹುಡುಗನೊಬ್ಬನಿಗಾಗಿ ಸೈನ್ಯಕ್ಕೆ ಎದುರು ನಿಂತ ಅಧ್ಯಾಯವೊಂದಿದೆ ಎಂದರೆ ಅವರು ನಗಬಹುದು.

ಆ ಹುಡುಗ ಆರನೇ ದಲೈ ಲಾಮಾ, ತ್ಸಾಂಗ್ಯಾಂಗ್ ಗ್ಯಾತ್ಸೊ. ಹುಟ್ಟಿದ್ದು 1683ರಲ್ಲಿ, ಇಂದು ಅರುಣಾಚಲಕ್ಕೆ ಸೇರಿರುವ ತವಾಂಗ್ ಸೀಮೆಯಲ್ಲಿ. ಐದನೆಯವರು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆಡಳಿತ ನಡೆಸುತ್ತಿದ್ದ ದೇಸಿ, ಅಂದರೆ ರಾಜಪ್ರತಿನಿಧಿ, ಆ ಸುದ್ದಿಯನ್ನು ಸುಮಾರು ಹದಿನೈದು ವರ್ಷ ಮುಚ್ಚಿಟ್ಟ. ಹೀಗಾಗಿ ಪೀಠವೇರಿದಾಗ ಹುಡುಗನಿಗೆ ಮೀಸೆ ಚಿಗುರುವ ವಯಸ್ಸು. 1702ರಲ್ಲಿ ಅವರು ತಮ್ಮ ಗುರು ಪಂಚೆನ್ ಲಾಮಾರ ಮುಂದೆ ದೀಕ್ಷೆಯನ್ನೇ ಮರಳಿಸಿಬಿಟ್ಟರು. ಕೂದಲು ಬಿಟ್ಟರು, ಬಿಲ್ಲುಬಾಣದ ಆಟ ಆಡಿದರು, ಸಂಜೆಯಾದರೆ ಪೊಟಾಲಾ ಅರಮನೆಯ ಬುಡದ ಶೋಲ್ ಕೇರಿಗೆ ಇಳಿದರು. ಹಾಡು ಕಟ್ಟಿದರು: ನಾಲ್ಕೇ ಸಾಲು, ಸಾಲಿಗೆ ಆರು ಅಕ್ಷರ, ಬಾಯಿಂದ ಬಾಯಿಗೆ ಹಾರಲು ಹೇಳಿ ಮಾಡಿಸಿದ ಅಳತೆ. (ಅವರ ಹೆಸರಲ್ಲಿ ಇರುವುದೆಲ್ಲ ಅವರದೇ ಹೌದೇ ಎಂದು ಪಂಡಿತರಲ್ಲಿ ತಕರಾರಿದೆ. ಹಾಡುವವರಿಗೆ ಆ ತಕರಾರಿಲ್ಲ.)

ಮಂಗೋಲರ ಲಾಝಾಂಗ್ ಖಾನನಿಗೆ ಈ ನಡತೆ ಅನುಕೂಲವೇ ಆಯಿತು. 1705ರಲ್ಲಿ ದೇಸಿಯನ್ನು ಕೊಂದಿದ್ದ ಆತ ಮರುವರ್ಷ, ಈ ಹುಡುಗ ನಿಜವಾದ ದಲೈ ಲಾಮಾನೇ ಅಲ್ಲ ಎಂದು ಹೇಳಿ ಚೀನಾದತ್ತ ಹೊರಡಿಸಿದ. ದಾರಿಯಲ್ಲಿ, ಆಗ ಟಿಬೆಟಿನಲ್ಲೇ ಇದ್ದ ಡ್ರೆಪುಂಗ್ ಮಠದ ಭಿಕ್ಷುಗಳು ಕಾವಲಿನವರ ಕೈಯಿಂದ ಅವರನ್ನು ಕಸಿದು ಮಠದೊಳಗೆ ಕರೆದೊಯ್ದರು. ಸೈನ್ಯ ಸುತ್ತುವರಿಯಿತು. ತನಗಾಗಿ ಹೆಣ ಬೀಳುವುದು ಬೇಡವೆಂದು ಅವರು ತಾವಾಗಿಯೇ ಹೊರಬಂದರು. ಅದೇ ವರ್ಷ ದಾರಿಯಲ್ಲೇ ತೀರಿಕೊಂಡರು. ವಯಸ್ಸು ಇಪ್ಪತ್ತಮೂರು.

ಲಾಸಾ ಬಿಡುವಾಗ ಗೆಳತಿಗೆ ಕಳಿಸಿದ್ದು ಎಂದು ಪ್ರತೀತಿ ಇರುವ ಹಾಡೊಂದು ಉಳಿಯಿತು. ಅದರಲ್ಲಿ ಬಿಳಿ ಕೊಕ್ಕರೆಯ ಬಳಿ ರೆಕ್ಕೆ ಕಡ ಕೇಳುವ ಮಾತಿದೆ, ಲಿಥಾಂಗ್ ಎಂಬ ಊರಿನ ಹೆಸರಿದೆ. ಕ್ರೌಂಚ ಎನ್ನಬೇಕಿತ್ತೇನೋ, ಅತ್ತಿವೇರಿ ಕೆರೆಯ ಹಕ್ಕಿಗಳನ್ನು ನೋಡಿ ಬೆಳೆದ ನಮಗೆ ಕೊಕ್ಕರೆ ಎಂದರೇ ಕಣ್ಣಿಗೆ ಕಟ್ಟುತ್ತದೆ. ಖಾನ ತನ್ನ ಕಡೆಯವನೊಬ್ಬನನ್ನು ಪೀಠದಲ್ಲಿ ಕೂರಿಸಿದ. ಜನ ಅವನನ್ನು ಒಪ್ಪಲಿಲ್ಲ. ಅವರ ಕಿವಿ ಹಾಡಿನೊಳಗಿನ ಊರಿನ ಮೇಲಿತ್ತು. ವಿರಹದ ಮಾತನ್ನು ಅವರು ಮರುಹುಟ್ಟಿನ ವಿಳಾಸವೆಂದು ಓದಿಕೊಂಡರು. 1708ರಲ್ಲಿ ಲಿಥಾಂಗ್‌ನಲ್ಲಿ ಹುಟ್ಟಿದ ಮಗುವೇ ಏಳನೇ ದಲೈ ಲಾಮಾ ಆಯಿತು.

ಇದು ವಿಚಿತ್ರವೆನಿಸಿದರೆ ಪಕ್ಕದ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳಕ್ಕೆ ಹೋಗಿ ಬನ್ನಿ. ಷರೀಫರ ಹಾಡಿನ ಕೋಳಿ ಬರೀ ಕೋಳಿಯಲ್ಲ, ಸೋರುವ ಮನೆ ಬರೀ ಮನೆಯಲ್ಲ ಎಂದು ನಮ್ಮ ಭಜನಾ ಮೇಳದ ಅಜ್ಜಂದಿರಿಗೆ ಯಾರೂ ಕಲಿಸಿಕೊಟ್ಟಿಲ್ಲ. ಖಾನನಿಗೆ ಸೈನ್ಯವಿತ್ತು, ಆ ಕಿವಿ ಇರಲಿಲ್ಲ.

ಹಾಡು ಗೆದ್ದಿತೆಂದು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವಾದೀತು. 1720ರಲ್ಲಿ ಆ ಬಾಲಕ ಲಾಸಾಕ್ಕೆ ಬಂದದ್ದು ಚಿಂಗ್ ಚಕ್ರವರ್ತಿಯ ಸೈನ್ಯದ ಜೊತೆ. ಜನ ಬಯಸಿದವನೇ ಸಿಕ್ಕ, ಬೆನ್ನಿಗೆ ಬೀಜಿಂಗಿನ ಹಿಡಿತವೂ ಬಂತು. ಚೀನಾ ಇಂದು ಟಿಬೆಟ್ ಮೇಲಿನ ಹಕ್ಕಿಗೆ ಚಿಂಗ್ ಕಾಲದ ಚರಿತ್ರೆಯನ್ನೇ ಮುಂದೊಡ್ಡುತ್ತದೆ. ಮರುಹುಟ್ಟಿಗೂ ಸರ್ಕಾರದ ಅನುಮತಿ ಬೇಕೆಂದು 2007ರಲ್ಲಿ ಅದು ನಿಯಮವನ್ನೇ ಮಾಡಿತು. ಈಗಿನ ದಲೈ ಲಾಮಾ ತಮ್ಮ ತೊಂಬತ್ತನೇ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮೊದಲು, 2025ರ ಜುಲೈ 2ರಂದು, ಪರಂಪರೆ ಮುಂದುವರಿಯುತ್ತದೆ, ಗುರುತಿಸುವ ಅಧಿಕಾರ ತಮ್ಮ ಗಾಡೆನ್ ಫೋಡ್ರಾಂಗ್ ಟ್ರಸ್ಟಿನದು ಮಾತ್ರ ಎಂದರು. ಮರುಹುಟ್ಟಿಗೆ ಪರ್ಮಿಟ್ ಕೇಳುವ ಕಚೇರಿ ಖಾನನ ತಪ್ಪನ್ನೇ ಇನ್ನೊಮ್ಮೆ ಮಾಡುತ್ತಿದೆ ಎಂದು ನನಗನಿಸುತ್ತದೆ.

ಮುಂಡಗೋಡದಲ್ಲಿ ಟಿಬೆಟಿಯನ್ನರ ನೆಲೆ ಶುರುವಾದದ್ದು 1966ರಲ್ಲಿ. ಬಂಗಾಳದ ಬಕ್ಸಾದಿಂದ ಡ್ರೆಪುಂಗ್ ಭಿಕ್ಷುಗಳು ಇಲ್ಲಿಗೆ ಬಂದದ್ದು 1969ರಲ್ಲಿ. ಅರ್ಧ ಶತಮಾನ ದಾಟಿದರೂ ಅವರ ಮೋಮೊ ನಮಗೆ ಗೊತ್ತು, ಹಾಡು ಗೊತ್ತಿಲ್ಲ. ಮುಂದಿನ ಸಲ ಹೋದಾಗ ಕ್ಯಾಂಪಿನ ಯಾರಾದರೂ ಅಜ್ಜಿಯ ಹತ್ತಿರ ಆ ಕೊಕ್ಕರೆಯ ಹಾಡು ಕೇಳಿ. ಹಾಡಿದರೆ, ಮೊಬೈಲು ಜೇಬಿನಲ್ಲೇ ಇರಲಿ.