ಬಿಳಿ ಮಚ್ಚೆ: ಹೆಸರಿನ ಗೊಂದಲಕ್ಕೆ ತೆರುವ ಬೆಲೆ

ಔರಾದ್ ತಾಲ್ಲೂಕಿನ ಚಿಂತಾಕಿಯಂತಹ ಗಡಿಭಾಗದ ಊರುಗಳಲ್ಲಿ ಒಬ್ಬರ ಮೈಮೇಲೆ ಬಿಳಿ ಮಚ್ಚೆ ಕಾಣಿಸಿಕೊಂಡರೆ ಮೊದಲು ಏಳುವ ಪ್ರಶ್ನೆ ಚಿಕಿತ್ಸೆಯದಲ್ಲ, ಮನೆಯ ಮಕ್ಕಳ ಮದುವೆಯದು. ತೊನ್ನನ್ನು ‘ಬಿಳಿ ಕುಷ್ಠ’ವೆಂದು ಕರೆಯುವ ರೂಢಿಯೇ ಈ ಅಂಜಿಕೆಯ ಬೇರು.

ವಾಸ್ತವದಲ್ಲಿ ಮಚ್ಚೆಗಳೆಲ್ಲ ಒಂದೇ ಅಲ್ಲ. ಬೆವರುವ ಮೈಯಲ್ಲಿ ಶಿಲೀಂಧ್ರದಿಂದ ಹರಡುವ ಚಿಬ್ಬು ಸಾಮಾನ್ಯ ಮುಲಾಮಿಗೆ ಮಣಿಯುತ್ತದೆ. ಬಣ್ಣ ಮರಳಲು ಮಾತ್ರ ಕೆಲವು ತಿಂಗಳು ಬೇಕು. ಮಕ್ಕಳ ಕೆನ್ನೆಯ ಮಸುಕು ಕಲೆಗಳು ಬಹುಮಟ್ಟಿಗೆ ತಾವಾಗಿಯೇ ಮಾಯುತ್ತವೆ. ತೊನ್ನಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬಣ್ಣ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಅದು ಅಂಟುರೋಗವಲ್ಲ. ಕುಷ್ಠ ರೋಗಾಣುವಿನಿಂದ ಬರುವಂಥದ್ದು. ಅದರ ಮಚ್ಚೆ ಪೂರ್ಣ ಬಿಳಿಯಾಗಿರದೆ ಮಾಸಲಾಗಿರುತ್ತದೆ, ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿದರೆ ಸುಳಿವು ಸಿಗುತ್ತದೆ.

ಹೆಸರಿನ ಗೊಂದಲದಿಂದ ಎರಡೂ ಕಡೆ ನಷ್ಟವಿದೆ. ತೊನ್ನಿನವರು ಅಕಾರಣವಾಗಿ ಬಹಿಷ್ಕೃತರಾಗುತ್ತಾರೆ. ಕುಷ್ಠ ತಗುಲಿದವರು ಅದನ್ನು ಬಚ್ಚಿಟ್ಟು, ನರಗಳು ಹಾಳಾದ ಮೇಲೆ ಆಸ್ಪತ್ರೆಗೆ ಬರುತ್ತಾರೆ. 1983ರಿಂದ ದೇಶದಲ್ಲಿ ಬಹು ಔಷಧ ಚಿಕಿತ್ಸೆ ಜಾರಿಯಲ್ಲಿದೆ. ಆರರಿಂದ ಹನ್ನೆರಡು ತಿಂಗಳ ಉಚಿತ ಔಷಧದಿಂದ ಕುಷ್ಠ ಗುಣವಾಗುತ್ತದೆ. ಆದರೆ ಅಷ್ಟರೊಳಗೆ ಊನವಾದ ಕೈಬೆರಳನ್ನು ಔಷಧ ಮರಳಿಸಲಾರದು.

ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣವೆಂಬ ಗುರಿಯನ್ನು ಮುಟ್ಟಿದೆವೆಂದು 2005ರ ಡಿಸೆಂಬರಿನಲ್ಲಿ ಭಾರತ ಘೋಷಿಸಿತು. ರಾಷ್ಟ್ರೀಯ ಸರಾಸರಿ ಇಳಿದದ್ದು ನಿಜ. ಆದರೆ ಸರಾಸರಿ ಎಂಬುದು ಹಳ್ಳಿಯನ್ನು ಮರೆಮಾಡಬಲ್ಲ ಅಂಕಿ. 2022–23ರಲ್ಲಿಯೂ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣಗಳು ಪತ್ತೆಯಾದವು. ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಆಧಾರವಾಗಿಸಿದ್ದ ಕಾನೂನುಗಳಿಗೆ ಸಂಸತ್ತು 2019ರಲ್ಲಿ ತಿದ್ದುಪಡಿ ತಂದಿತು. ಕಾನೂನು ಬದಲಾದಷ್ಟು ಬೇಗ ನೆರೆಹೊರೆಯ ಮನಸ್ಸು ಬದಲಾಗಿಲ್ಲ.

ತೊನ್ನಿನ ಲೆಕ್ಕಾಚಾರವೇ ಬೇರೆ. ಮುಲಾಮುಗಳ ಜೊತೆಗೆ ಅತಿನೇರಳೆ ಕಿರಣದ ಚಿಕಿತ್ಸೆ ಅನೇಕರಲ್ಲಿ ಬಣ್ಣ ಮರಳಿಸುತ್ತದೆ. ಆದರೆ ಅದು ವಾರಕ್ಕೆ ಎರಡು–ಮೂರು ಸಲದಂತೆ ತಿಂಗಳುಗಟ್ಟಲೆ ನಡೆಯಬೇಕು. ಅದಕ್ಕಾಗಿ ಬೀದರ್‌ವರೆಗೆ ಬರಬೇಕೆಂದಾದರೆ ಕೂಲಿಕಾರನಿಗೆ ಪ್ರತಿ ಸಲವೂ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡೂ ಹೋದಂತೆ. ಚಿಕಿತ್ಸೆ ಉಚಿತವಾದರೂ ಅವನಿಗೆ ದುಬಾರಿಯೇ. ನಡುವೆಯೇ ಕೈಬಿಟ್ಟವನು ‘ಗ್ಯಾರಂಟಿ ಔಷಧ’ ಮಾರುವವರ ಪಾಲಾದರೆ ಆಶ್ಚರ್ಯವೇನು?

ಆದ್ದರಿಂದ ನನ್ನ ದೃಷ್ಟಿಯಲ್ಲಿ ಆಗಬೇಕಾದವು ಎರಡು. ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಚರ್ಮತಜ್ಞರು ತಿಂಗಳಿಗೊಂದು ನಿಗದಿತ ದಿನ ಗಡಿ ಹೋಬಳಿಗಳಲ್ಲಿ ರೋಗಿಗಳನ್ನು ನೋಡಲಿ. ಮಚ್ಚೆಯ ಚಿತ್ರವನ್ನು ಮೊಬೈಲ್‌ನಲ್ಲಿ ಕಳುಹಿಸಬಹುದು, ಸ್ಪರ್ಶಜ್ಞಾನವನ್ನು ಕಳುಹಿಸಲಾಗದು. ಕಿರಣ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ದೊರೆಯಲಿ. ಕನ್ನಡ, ಮರಾಠಿ, ತೆಲುಗು, ಉರ್ದು ಬೆರೆತ ಈ ಸೀಮೆಯಲ್ಲಿ ಆಶಾ ಕಾರ್ಯಕರ್ತೆ ತೊನ್ನನ್ನು ತೊನ್ನೆಂದೂ ಕುಷ್ಠವನ್ನು ಕುಷ್ಠವೆಂದೂ ಜನರ ಮಾತಿನಲ್ಲಿಯೇ ಬಿಡಿಸಿ ಹೇಳುವಂತಾದರೆ, ಚಿಕಿತ್ಸೆಯ ಅರ್ಧ ಅಲ್ಲಿಯೇ ಆದಂತೆ.